ಅಮೋಘವರ್ಷನ ಕಾಲದ ಒಂದು ಸಂಖ್ಯೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯ ಶಾಸನಗಳನ್ನು ಓದುವವರಿಗೆ ಸಂಖ್ಯೆಗಳು ಹೊಸವಲ್ಲ. ಬನವಾಸಿ ಪನ್ನಿರ್ಛಾಸಿರವೆಂಬ ನಾಡಿನ ಹೆಸರಿನಲ್ಲಿಯೇ ಹನ್ನೆರಡು ಸಾವಿರವುಂಟು. ದತ್ತಿಯ ಭೂಮಿಯನ್ನು ಮತ್ತರುಗಳಲ್ಲಿ ಎಣಿಸಿ ಹೇಳಿದೆ. ಇದರಿಂದ ಪ್ರಾಚೀನ ಕರ್ನಾಟಕದ ಗಣಿತವು ವ್ಯವಹಾರಕ್ಕಷ್ಟೇ ಮೀಸಲಾಗಿದ್ದಿತೆಂದು ಊಹಿಸುವುದು ಸುಲಭ. ಆ ಊಹೆ ಸಾಲದೆಂಬುದನ್ನು ಒಂದೇ ಒಂದು ಸಂಖ್ಯೆಯ ಆಧಾರದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಆ ಸಂಖ್ಯೆ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿದೆ. ಒಂಬತ್ತನೆಯ ಶತಮಾನದ ಈ ಸಂಸ್ಕೃತ ಗ್ರಂಥವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಪ್ರಶಂಸೆಯನ್ನೊಳಗೊಂಡಿದೆ. ಅದೇ ಚಕ್ರವರ್ತಿಯ ದಂಡನಾಯಕ ಬಂಕೆಯನ ಹೆಸರಿನಿಂದಲೇ ಹಾವೇರಿಗೆ ಸಮೀಪದ ಬಂಕಾಪುರವು ಪ್ರಸಿದ್ಧವಾಯಿತು. ಬಂಕೆಯನ ಮಗ ಲೋಕಾದಿತ್ಯನ ಕಾಲದಲ್ಲಿ ಗುಣಭದ್ರನ ‘ಉತ್ತರಪುರಾಣ’ಕ್ಕೆ ಅಲ್ಲಿ ಪೂಜೆ ಸಂದಿತು. ಇಷ್ಟರಿಂದ ಮಹಾವೀರನನ್ನು ಈ ಸೀಮೆಯವನೆಂದು ಹೇಳಲಾಗದು. ಆದರೆ ಅವನನ್ನು ಪೋಷಿಸಿದ ಜೈನವಿದ್ಯೆಯ ವಾತಾವರಣವು ಈ ಸೀಮೆಗೂ ಹಬ್ಬಿದ್ದಿತೆಂದು ಹೇಳಬಹುದು.

27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ರಾಶಿಯೆಂದು ಆಚಾರ್ಯನು ಇದನ್ನು ವರ್ಣಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಇಂತಹ ಗುಣಲಬ್ಧಗಳನ್ನು ಅವನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 142857143ನ್ನು 7ರಿಂದ ಗುಣಿಸಿದಾಗ ದೊರೆಯುವ 1000000001 ‘ರಾಜಕಂಠಿಕೆ’.

ಈ ಸೌಷ್ಠವವು ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ನಮ್ಮ ಸಂಖ್ಯೆಯು ಆರು ಒಂದುಗಳ ವರ್ಗವೇ ಆಗಿದೆ. 111111ಕ್ಕೆ 3, 7, 11, 13, 37 ಎಂಬ ಐದು ಅವಿಭಾಜ್ಯ ಅಪವರ್ತನಗಳಿವೆ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಬರುವುದರಿಂದ ಒಟ್ಟು ಭಾಜಕಗಳು 243. ಅಂಕಿಗಳ ಮೊತ್ತವೂ ಆರರ ವರ್ಗವಾದ 36.

ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸುತ್ತಾನೆ. ನಮ್ಮ ಸಂಖ್ಯೆಯ ಮೊದಲ ಅಂಕಿಯು ಹನ್ನೊಂದನೆಯದಾದ ಅರ್ಬುದದಲ್ಲಿ ನಿಲ್ಲುತ್ತದೆ. ಅಂಕಿಗೆ ಸ್ಥಾನದಿಂದ ಬೆಲೆ ಬರುವ ಪದ್ಧತಿಯು ರೂಢವಾಗಿಲ್ಲದಿದ್ದರೆ ಏರಿ ಇಳಿಯುವ ಮಾಲೆಯ ಕಲ್ಪನೆಯೇ ಹುಟ್ಟದು. ಅಲ್ಲದೆ, ಇಂತಹ ಲೆಕ್ಕದಲ್ಲಿ ವಿದ್ಯಾರ್ಥಿಯು ಎಲ್ಲಿಯಾದರೂ ತಪ್ಪಿದರೆ ಮಾಲೆ ಕೆಡುತ್ತದೆ. ಗುರುವು ಹೇಳುವ ಮೊದಲೇ ಉತ್ತರವು ತನ್ನ ತಪ್ಪನ್ನು ತಾನೇ ತೋರಿಸುತ್ತದೆ. ಅಲಂಕಾರವು ಇಲ್ಲಿ ಬೋಧನೆಯ ಸಾಧನವೂ ಆಗಿದ್ದಿತೆಂದು ನಾವು ಭಾವಿಸುತ್ತೇವೆ.

ಬಡ್ಡಿ, ಚಿನ್ನದ ಬಣ್ಣ, ಅಗೆತದ ಅಳತೆಗಳನ್ನು ಕಲಿಸುವ ಗ್ರಂಥವೇ ಈ ಮಾಲೆಗಳನ್ನೂ ಕಟ್ಟಿತು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಗಣಿತಜ್ಞರು ಇದನ್ನು ಬಲ್ಲರು. ಇತಿಹಾಸದ ವಿದ್ಯಾರ್ಥಿಗಳೂ ಇದನ್ನು ಶಾಸನಗಳ ಪಕ್ಕದಲ್ಲಿಟ್ಟು ಓದಬೇಕು. ಶಾಸನದ ಸಂಖ್ಯೆ ಜನರ ಸ್ವತ್ತನ್ನು ತಿಳಿಸುತ್ತದೆ. ಈ ಸಂಖ್ಯೆ ಅವರ ಮನಸ್ಸನ್ನು ತಿಳಿಸುತ್ತದೆ.