ಚಿತ್ರಾ ಹೃದಯ ಕವಾಟ

ಚಿತ್ರಾ ಹೃದಯ ಕವಾಟವು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಕೃತಕ ಹೃದಯ ಕವಾಟ. ಭಾರತದಲ್ಲೇ ಅಭಿವೃದ್ಧಿಗೊಂಡು ವಾಣಿಜ್ಯ ಬಳಕೆಗೆ ಬಂದ ಮೊದಲ ಯಾಂತ್ರಿಕ ಕವಾಟವಿದು. ಲೋಹದ ಚೌಕಟ್ಟಿನೊಳಗೆ ಓರೆಯಾಗಿ ತೆರೆದು ಮುಚ್ಚುವ ಪಾಲಿಮರ್ ಬಿಲ್ಲೆ ಇದರ ಮುಖ್ಯ ಭಾಗ.

ಹಿನ್ನೆಲೆ

ಗಂಟಲಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವು ಮಕ್ಕಳ ಮತ್ತು ಹರೆಯದವರ ಹೃದಯ ಕವಾಟಗಳನ್ನು ಕೆಡಿಸುತ್ತದೆ. ತೀರಾ ಹಾಳಾದ ಕವಾಟವನ್ನು ಬದಲಿಸದೆ ಬೇರೆ ದಾರಿಯಿರುವುದಿಲ್ಲ. 1970ರ ದಶಕದಲ್ಲಿ ಭಾರತವು ಯಾಂತ್ರಿಕ ಕವಾಟಗಳನ್ನು ವಿದೇಶದಿಂದ ತರಿಸಿಕೊಳ್ಳಬೇಕಿತ್ತು. ರೋಗ ಹೆಚ್ಚಾಗಿ ಕಾಡುತ್ತಿದ್ದುದು ಬಡವರನ್ನಾದ್ದರಿಂದ ಅವುಗಳ ಬೆಲೆ ರೋಗಿಗಳ ಕೈಗೆಟುಕುತ್ತಿರಲಿಲ್ಲ. ಹೃದಯ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್ ನೇತೃತ್ವದ ತಂಡವು ಈ ಕೊರತೆ ನೀಗಿಸಲು ಮುಂದಾಯಿತು. ವಿನ್ಯಾಸದ ಹೊಣೆಯನ್ನು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಹೊತ್ತರು. ತಂಡದ ಪ್ರಯೋಗಾಲಯವಿದ್ದದ್ದು ತಿರುವಾಂಕೂರು ರಾಜಮನೆತನ ದಾನವಾಗಿ ಕೊಟ್ಟ ಪೂಜಪ್ಪುರದ ಸತೆಲ್ಮಂಡ್ ಅರಮನೆಯಲ್ಲಿ.

ವಸ್ತುವಿನ ಆಯ್ಕೆ

ನಿಮಿಷಕ್ಕೆ 72 ಬಾರಿಯಂತೆ ಹೃದಯವು ವರ್ಷಕ್ಕೆ ಸುಮಾರು 3.78 ಕೋಟಿ ಸಲ ಬಡಿಯುತ್ತದೆ. ಕವಾಟದ ಬಿಲ್ಲೆ ಅಷ್ಟೂ ಸಲ ತೆರೆದು ಮುಚ್ಚಬೇಕು. ಸವೆಯಬಾರದು, ಒಡೆಯಬಾರದು, ರಕ್ತಕಣಗಳನ್ನು ಜಜ್ಜಬಾರದು, ಹೆಪ್ಪುಗಟ್ಟಲು ಆಸ್ಪದ ಕೊಡಬಾರದು. ವಿದೇಶಿ ಕವಾಟಗಳಲ್ಲಿ ಬಳಕೆಯಲ್ಲಿದ್ದ ಪೈರೋಲಿಟಿಕ್ ಕಾರ್ಬನ್ ಆಗ ಭಾರತದಲ್ಲಿ ತಯಾರಾಗುತ್ತಿರಲಿಲ್ಲ. ಕೃತಕ ನೀಲಮಣಿಯ ಬಿಲ್ಲೆಯೂ ಸೇರಿದಂತೆ ಬೇರೆ ಬೇರೆ ವಸ್ತುಗಳನ್ನು ಪ್ರಯೋಗಿಸಲಾಯಿತು. ಮೊದಲ ಮೂರು ಮಾದರಿಗಳನ್ನು ಕೈಬಿಡಬೇಕಾಯಿತು.

ನಾಲ್ಕನೆಯ ಮಾದರಿಯಲ್ಲಿ ತಂಡವು ಅತ್ಯಧಿಕ ಅಣುತೂಕದ ಪಾಲಿಎಥಿಲೀನನ್ನು ಆರಿಸಿಕೊಂಡಿತು. ಕೃತಕ ಸೊಂಟದ ಕೀಲುಗಳಲ್ಲಿ ಅದಾಗಲೇ ಹೆಸರಾಗಿದ್ದ ಪ್ಲಾಸ್ಟಿಕ್ ಇದು. ಗಡಸುತನದಲ್ಲಿ ಕಾರ್ಬನ್ನಿಗೆ ಸಾಟಿಯಲ್ಲ. ಆದರೆ ಬಿರುಕು ಬಿಟ್ಟು ಚೂರಾಗುವುದಿಲ್ಲ, ಮುಚ್ಚಿಕೊಳ್ಳುವಾಗಿನ ಆಘಾತವನ್ನು ತಾನೇ ಹೀರುತ್ತದೆ, ಸದ್ದೂ ಕಡಿಮೆ. ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಮಿಶ್ರಲೋಹದ ಚೌಕಟ್ಟನ್ನು ಬೆಸುಗೆಯಿಲ್ಲದೆ ಒಂದೇ ಗಟ್ಟಿಯಿಂದ ಕಡೆದು ತೆಗೆಯಲಾಗುತ್ತದೆ. ಬೆಸುಗೆಯನ್ನು ತಪ್ಪಿಸಿದ್ದು ಸಣ್ಣ ಸಂಗತಿಯಲ್ಲ: ವಿದೇಶದ ಬ್ಯೋರ್ಕ್-ಶೈಲಿ ಕವಾಟದ ಒಂದು ಮಾದರಿಯಲ್ಲಿ ಬೆಸೆದ ಕಂಬಿ ಮುರಿದು ರೋಗಿಗಳು ಸತ್ತಿದ್ದರಿಂದ ಅದನ್ನು 1986ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಗಿತ್ತು. ಚಿತ್ರಾ ಕವಾಟವನ್ನು ಹೃದಯಕ್ಕೆ ಹೊಲಿಯುವ ಉಂಗುರ ಪಾಲಿಯೆಸ್ಟರ್ ಬಟ್ಟೆಯದು.

ಬಳಕೆ

ಯಂತ್ರಗಳಲ್ಲಿ ಸವೆತದ ಪರೀಕ್ಷೆ ಮತ್ತು ಕುರಿಗಳಲ್ಲಿ ಪ್ರಯೋಗ ಮುಗಿದ ಬಳಿಕ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯಕ್ಕೆ ಈ ಕವಾಟವನ್ನು ಅಳವಡಿಸಲಾಯಿತು. ಅನಂತರ ಟಿಟಿಕೆ ಸಂಸ್ಥೆ ಇದನ್ನು ಟಿಟಿಕೆ ಚಿತ್ರಾ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ವಲಿಯತ್ತಾನ್ 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದರು.

ಮಿತಿಗಳು

ಇತರ ಯಾಂತ್ರಿಕ ಕವಾಟಗಳಂತೆ ಇದನ್ನು ಪಡೆದವರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂತಹ ಔಷಧಿಯನ್ನು ಜೀವನಪರ್ಯಂತ ಸೇವಿಸಬೇಕು. ಪ್ರಮಾಣ ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹೀಗಾಗಿ ಆಗಾಗ ರಕ್ತಪರೀಕ್ಷೆ ಅನಿವಾರ್ಯ. ಪ್ರಯೋಗಾಲಯದಿಂದ ದೂರವಿರುವ ಹಳ್ಳಿಗಳ ರೋಗಿಗಳಿಗೆ ಕವಾಟದ ಬೆಲೆಗಿಂತ ಇದೇ ದೊಡ್ಡ ತೊಡಕು. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಗರ್ಭಿಣಿಯರಿಗೆ ವಿಶೇಷ ನಿಗಾ ಬೇಕಾಗುತ್ತದೆ.