ಉಳಿತಾಯದಿಂದ ಸಾಲದೆಡೆಗೆ: ದಾವಣಗೆರೆ–ಹರಿಹರದ ಕಿರುಹಣಕಾಸಿನ ಹಿನ್ನೆಲೆ

ದಾವಣಗೆರೆ ಮತ್ತು ಹರಿಹರಗಳ ಆರ್ಥಿಕ ಚರಿತ್ರೆ ಎಂದೊಡನೆ ಹತ್ತಿ ಗಿರಣಿಗಳೂ 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮೊದಲು ನೆನಪಾಗುತ್ತವೆಯಾದರೂ, ಈ ಊರುಗಳ ಮಂಡಕ್ಕಿ ಭಟ್ಟಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ, ಸಂತೆಯ ತರಕಾರಿ ಸಾಲುಗಳಲ್ಲಿ ದುಡಿದವರಿಗೆ ಸಾಲ ಎಲ್ಲಿ ಹುಟ್ಟುತ್ತಿತ್ತು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿದು ಮಾರುವ ತನಕ ಮಂಡಕ್ಕಿಯ ಹಣ ಕೈಸೇರುವುದಿಲ್ಲ. ಭತ್ತ ಮತ್ತು ಉರುವಲಿನ ಬೆಲೆಯನ್ನಾದರೋ ಮೊದಲೇ ತೆರಬೇಕು. ಇಂಥ ಅಲ್ಪಾವಧಿಯ ಸಣ್ಣ ಬಂಡವಾಳಕ್ಕೂ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತಿದ್ದುದರಿಂದ ಬಡವರ ಪಾಲಿಗೆ ಉಳಿದಿದ್ದು ಕೈಸಾಲ, ಗಿರವಿ, ಚೀಟಿ ಮತ್ತು ಲೇವಾದೇವಿಗಾರರ ಬಡ್ಡಿ.

ಈ ಕೊರತೆಯನ್ನು ನೀಗುವ ಯತ್ನಗಳು ಕನ್ನಡನಾಡಿನಲ್ಲಿ ಹಿಂದಿನಿಂದಲೂ ನಡೆದಿದ್ದವು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿತು; 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯು ಉಡುಪಿಯಲ್ಲಿ ಪಿಗ್ಮಿ ಠೇವಣಿಯನ್ನು, ಅಂದರೆ ಮನೆ ಬಾಗಿಲಿಗೇ ಬಂದು ದಿನವೂ ಕೆಲವು ಆಣೆ ಸಂಗ್ರಹಿಸುವ ಪದ್ಧತಿಯನ್ನು, ಆರಂಭಿಸಿತು; 1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನಂಥ ಪ್ರಾದೇಶಿಕ ಸಂಸ್ಥೆಗಳು ಬಂದವು. ಆದರೆ ಉಳಿತಾಯಕ್ಕೆ ತೆರೆದ ಬಾಗಿಲು ಜಾಮೀನಿಲ್ಲದವರ ಸಾಲಕ್ಕೆ ಅಷ್ಟು ಸುಲಭವಾಗಿ ತೆರೆಯಲಿಲ್ಲ.

ತಿರುವು ಬಂದದ್ದು 1980ರ ದಶಕದಲ್ಲಿ. 1968ರಲ್ಲಿ ಸ್ಥಾಪನೆಯಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು, ದಾವಣಗೆರೆಯೂ ಆಗ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯೂ ಸೇರಿದಂತೆ ಹಲವೆಡೆ ಕೆಲಸ ಮಾಡುತ್ತಿದ್ದಾಗ, ಅದು ನೆರವಾಗಿದ್ದ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳವರ ಸಣ್ಣ ಗುಂಪುಗಳು 1984–85ರ ಸುಮಾರಿಗೆ ರೂಪುಗೊಂಡವು. ಮುಂದೆ ಸ್ವಸಹಾಯ ಸಂಘಗಳೆಂದು ಹೆಸರಾದ ಈ ಗುಂಪುಗಳ ಉಳಿತಾಯಕ್ಕೆ ಸರಿಸಮನಾಗಿ ಹಣ ಕೂಡಿಸಲು 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) 10 ಲಕ್ಷ ರೂಪಾಯಿಗಳ ನೆರವು ನೀಡಿತು; 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಘೋಷಿಸಿತು. ನೋಂದಣಿಯಾಗದ ಗುಂಪಿಗೂ ಆಸ್ತಿಯ ಆಧಾರವಿಲ್ಲದೆ ಸಾಲ ಕೊಡಬಹುದೆಂಬುದೇ ಇದರ ಹೊಸತನ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ತಾನೇ ಸಾಲ ನೀಡುವ ಸಂಸ್ಥೆಯಾಗಿದ್ದರೆ, ಇಲ್ಲಿ ಸಂಘವೇ ಒಂದು ಪುಟ್ಟ ಬ್ಯಾಂಕಾಯಿತು.

2000–01ರಲ್ಲಿ ರಾಜ್ಯ ಸರ್ಕಾರವು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಜಾರಿಗೆ ತಂದ ಸ್ತ್ರೀಶಕ್ತಿ ಯೋಜನೆಯಿಂದ ಈ ಮಾದರಿ ಎಲ್ಲ ಜಿಲ್ಲೆಗಳಿಗೂ ಹರಡಿತು. ವಾರದ ಸಭೆಯಲ್ಲಿ ಪ್ರತಿಯೊಬ್ಬಳೂ ಉಳಿತಾಯದ ಹಣ ಕಟ್ಟಿ ತನ್ನ ಪಾಸ್‌ಪುಸ್ತಕದಲ್ಲಿ ಬರೆಸುವುದು, ಯಾರಿಗೆ ಎಷ್ಟು ಸಾಲ, ಯಾವ ಬಡ್ಡಿಗೆ ಎಂಬುದನ್ನು ಚರ್ಚಿಸಿ ಠರಾವು ಪುಸ್ತಕದಲ್ಲಿ ದಾಖಲಿಸಿ ಸಹಿ ಅಥವಾ ಹೆಬ್ಬೆಟ್ಟು ಹಾಕುವುದು, ಹೀಗೆ ಕೆಲವು ತಿಂಗಳು ನಡೆದ ಮೇಲಷ್ಟೇ ಬ್ಯಾಂಕು ಉಳಿತಾಯದ ಮೊತ್ತವನ್ನು ನೋಡಿ ಸಾಲ ಕೊಡುವುದು ಇದರ ಕ್ರಮ. ಗಿರಣಿಗಳೂ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿ ತಿಂಗಳ ಸಂಬಳದ ಆಸರೆ ತಪ್ಪಿದ ಅವಳಿ ಊರುಗಳಲ್ಲಿ, ಮನೆಯ ಹೆಣ್ಣುಮಕ್ಕಳ ಸಣ್ಣ ದುಡಿಮೆಗೆ ಬಂಡವಾಳದ ದಾರಿಯೊಂದು ತೆರೆದಿದ್ದು ಸಾಮಾನ್ಯ ಸಂಗತಿಯಲ್ಲ.

ಬಳಿಕ ಬಂದ ಕಿರುಸಾಲ ಕಂಪನಿಗಳು ಸಾಲವನ್ನು ಇನ್ನಷ್ಟು ಬೇಗ ತಲುಪಿಸಿದವಾದರೂ, ಅವುಗಳ ಜಂಟಿ ಹೊಣೆಗಾರಿಕೆ ಗುಂಪು, ಅಂದರೆ ಒಬ್ಬಳ ಕಂತಿಗೆ ಉಳಿದವರೂ ಹೊಣೆಯಾಗುವ ಕೂಟ, ಸಾಲದ ನಿರ್ಧಾರಕ್ಕಿಂತ ಹೆಚ್ಚಾಗಿ ವಸೂಲಿಯ ಭರವಸೆಯಾಗಿಯೇ ಉಳಿಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಸ್ಥಿತಿಯನ್ನು ತಡೆಯಲೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಕುಟುಂಬದ ಎಲ್ಲ ಸಾಲಗಳ ಮರುಪಾವತಿ ತಿಂಗಳ ಆದಾಯದ ಶೇ. 50ನ್ನು ಮೀರಬಾರದೆಂದು ವಿಧಿಸಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಸುಗ್ರೀವಾಜ್ಞೆ ಹೊರಡಿಸಿತು.

ಬಡವರಿಗೆ ಹಣಕಾಸಿನ ಸೇವೆ ದಕ್ಕುವುದು ಎಷ್ಟು ಸಾಲ ಹಂಚಲಾಯಿತು ಎಂಬುದರಿಂದಲ್ಲ. ಉಳಿತಾಯ ಮೊದಲು, ಸಾಲ ಆಮೇಲೆ ಎಂಬ ಕ್ರಮವೂ ಸಾಲದ ಮೊತ್ತವನ್ನು ಸದಸ್ಯರೇ ನಿರ್ಧರಿಸುವ ಅಧಿಕಾರವೂ ಉಳಿದಿರುವವರೆಗೆ ಮಾತ್ರ ಸಾಲವು ದುಡಿಮೆಗೆ ಆಸರೆಯಾಗುತ್ತದೆ ಎಂಬುದನ್ನು ಈ ನಾಲ್ಕು ದಶಕಗಳ ಅನುಭವ ತೋರಿಸಿಕೊಟ್ಟಿದೆ.