ಕೋವಿಯ ಗುರಿ ಕಾಯುವ ಬಟ್ಟೆಯ ಚೂರು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಿಗುವ ಮೇಗರವಳ್ಳಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಹೊಸ ಹೆಸರೇನಲ್ಲ. ಆ ಕಾದಂಬರಿಯ ಕಾಲದ ಮಲೆನಾಡಿನಲ್ಲಿ ಕೋವಿ, ಕತ್ತಿಯಷ್ಟೇ ಸಹಜವಾದ ಗೃಹೋಪಕರಣ. ಗದ್ದೆಗೆ ನುಗ್ಗುವ ಹಂದಿಯನ್ನು ಅಟ್ಟಲು ಅದು ಬೇಕು, ಬೇಟೆಗೂ ಅದೇ ಬೇಕು.

ಆ ಕೋವಿಗೆ ಮದ್ದು ತುಂಬುವುದು ಬಾಯಿಯ ಕಡೆಯಿಂದ. ನಳಿಗೆಗೆ ಮೊದಲು ಮಸಿ ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿಯಬೇಕು. ನಂತರ ಚರೆ ಅಥವಾ ಗುಂಡು, ಅದರ ಮೇಲೆ ಮತ್ತೆ ಕತ್ತ. ಕೊನೆಗೆ ಕೇಪು ಸಿಕ್ಕಿಸಿ ಕುದುರೆ ಎತ್ತಿದರೆ ಕೋವಿ ಸಿದ್ಧ. ಇಷ್ಟೆಲ್ಲ ಮಾಡಿಯೂ ಗುರಿ ತಪ್ಪುತ್ತಿತ್ತು. ಹೊಡೆದವನ ಕೈ ನಡುಗಿತೆಂದು ಜನ ನಗುತ್ತಿದ್ದರೂ ತಪ್ಪು ಅನೇಕ ಸಲ ನಳಿಗೆಯೊಳಗೇ ಇರುತ್ತಿತ್ತು.

ಕಾರಣ ಸರಳವಾಗಿದೆ. ಮಸಿ ಉರಿದಾಗ ಉತ್ಪತ್ತಿಯಾಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಲ್ಲ, ಘನರೂಪದ ಕಿಟ್ಟ. ನಾಲ್ಕಾರು ಈಡಿನಲ್ಲೇ ನಳಿಗೆ ಕಿರಿದಾಗುತ್ತದೆ. ಆದ್ದರಿಂದ ಗುಂಡನ್ನು ನಳಿಗೆಗಿಂತ ಸಣ್ಣದಾಗಿಯೇ ಎರಕ ಹೊಯ್ಯುತ್ತಿದ್ದರು. ಮೈಸೂರು ಯುದ್ಧಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹಿಡಿದಿದ್ದ ಬ್ರೌನ್ ಬೆಸ್ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಅಗಲ, ಗುಂಡು ಸುಮಾರು 17.5 ಮಿಲಿಮೀಟರ್. ಸಡಿಲ ಗುಂಡು ನಳಿಗೆಯ ಗೋಡೆಗೆ ಬಡಿಯುತ್ತಾ ಸಾಗಿ, ಕೊನೆಯ ಬಡಿತ ತೋರಿದ ದಿಕ್ಕಿಗೆ ಹಾರುತ್ತದೆ.

ಇದಕ್ಕೆ ಯೂರೋಪಿನ ಕುಶಲಕರ್ಮಿಗಳು ಕಂಡುಕೊಂಡ ಪರಿಹಾರ ನಳಿಗೆಯೊಳಗೆ ಸುರುಳಿ ಗೀರುಗಳನ್ನು ಕೊರೆಯುವುದು. ಇದೇ ರೈಫಲ್. ಆದರೆ ಗೀರು ಗುಂಡನ್ನು ಹಿಡಿದು ತಿರುಗಿಸಬೇಕಾದರೆ ಅವೆರಡರ ನಡುವೆ ಬಿಗಿಯಾದ ಏನಾದರೂ ಇರಬೇಕಲ್ಲವೇ? ಅದೇ ಎಣ್ಣೆ ಅಥವಾ ಕೊಬ್ಬು ಹಚ್ಚಿದ ಬಟ್ಟೆಯ ಚೂರು. 1800ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಬೇಕರ್ ರೈಫಲ್ಲಿನ ಹಿಡಿಯಲ್ಲಿ ಇಂಥ ಚೂರುಗಳನ್ನು ಇಡಲೆಂದೇ ಹಿತ್ತಾಳೆ ಮುಚ್ಚಳದ ಪುಟ್ಟ ಪೆಟ್ಟಿಗೆ ಇತ್ತು.

ಗುರಿ ಕೆಟ್ಟಾಗ ಅನುಭವಿಗಳು ಮೊದಲು ಹುಡುಕುವುದು ಕೋವಿಯ ಮುಂದೆ ಕೆಲವು ಹೆಜ್ಜೆ ದೂರದಲ್ಲಿ ಬಿದ್ದ ಈ ಚೂರನ್ನೇ. ನಡುವೆ ಕಪ್ಪಾಗಿ ಅಂಚು ಮಾತ್ರ ಎಳೆಬಿಟ್ಟಿದ್ದರೆ ಎಲ್ಲ ಸರಿ ಎಂದರ್ಥ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಎಣ್ಣೆ ಸಾಲದಾಯಿತು, ಬಿಸಿ ಅನಿಲ ಪಕ್ಕದಿಂದ ನುಸುಳಿದೆ ಎಂದು ತಿಳಿಯಬೇಕು. ಗೀರಿನ ಗುರುತಿನಲ್ಲೇ ಹರಿದಿದ್ದರೆ ನಳಿಗೆಯ ಅಂಚು ಹರಿತವಾಗಿದೆ. ಎಣ್ಣೆ ಅತಿಯಾದರೆ ಮಸಿಯೇ ಒದ್ದೆಯಾದೀತು. ಮಸಿಯ ಅಳತೆ ಪ್ರತಿ ಸಲವೂ ಬೇರೆಯಾದರೆ ಗುರಿಯೂ ಬೇರೆ. ಗುಂಡು ಮಸಿಗೆ ತಾಗುವವರೆಗೆ ಕೂರದಿದ್ದರಂತೂ ನಳಿಗೆಯೇ ಸಿಡಿಯುವ ಅಪಾಯವಿದೆ.

ನಮ್ಮ ರೈತರ ಕೋವಿಗಳಲ್ಲಿ ಹೆಚ್ಚಿನವಕ್ಕೆ ಗೀರುಗಳಿಲ್ಲ. ಅಲ್ಲಿ ಕತ್ತದ ಕೆಲಸ ಅನಿಲವನ್ನು ತಡೆಯುವುದಷ್ಟೇ. ಜೊತೆಗೆ ಮಲೆನಾಡಿನ ಮಳೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಕಿಟ್ಟ ತೇವ ಹೀರಿ ನಳಿಗೆಯನ್ನು ತುಕ್ಕು ತಿನ್ನಿಸುತ್ತದೆ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದ ಕೋವಿ ಹೆಚ್ಚು ದಿನ ಬಾಳದು.

ಬಟ್ಟೆಯ ಚೂರಿನ ಕಾಲ 1849ರಲ್ಲಿ ಫ್ರಾನ್ಸಿನ ಮಿನಿಯೆ ಗುಂಡಿನೊಂದಿಗೆ ಮುಗಿಯತೊಡಗಿತು. ಮದ್ದಿನ ಒತ್ತಡಕ್ಕೆ ಇದರ ಬುಡ ತಾನೇ ಅರಳಿ ಗೀರುಗಳನ್ನು ಹಿಡಿಯುತ್ತಿತ್ತು. ಬಟ್ಟೆ ಹೋದರೂ ಜಿಡ್ಡು ಹೋಗಲಿಲ್ಲ. 1853ರ ಎನ್‌ಫೀಲ್ಡ್ ರೈಫಲ್ಲಿನ ತೋಟಾಗಳಿಗೆ ಹಸು, ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ 1857ರ ದಂಗೆಗೆ ಕಿಡಿಯಾಯಿತು. ಗುಂಡು ಸಲೀಸಾಗಿ ಇಳಿಯಲಿ ಎಂಬ ಸಣ್ಣ ತಾಂತ್ರಿಕ ಅಗತ್ಯ ಒಂದು ಸಾಮ್ರಾಜ್ಯವನ್ನೇ ಅಲುಗಿಸಿತು.

ಆಮೇಲೆ ಹಿಂದಿನಿಂದ ತುಂಬುವ ತೋಟಾ ಕೋವಿ ಬಂತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿಗೆ ಲೈಸೆನ್ಸ್ ಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನು ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಹಂದಿಗಳು ಮಾತ್ರ ಚುನಾವಣೆಗೆ ಕಾಯುವುದಿಲ್ಲ ಎಂಬುದು ರೈತರ ಅಳಲು. ಅವರ ಕೈಯಲ್ಲಿರುವ ಕೋವಿ ಇಂದು ಹೆಚ್ಚಾಗಿ ಸದ್ದು ಮಾಡಿ ಬೆದರಿಸುವ ಸಾಧನ. ಸದ್ದಿಗೆ ಗುರಿ ಬೇಕಿಲ್ಲ ನಿಜ. ಆದರೆ ಕೋವಿಯನ್ನು ತೊಳೆದು, ಅಳೆದು, ಜಡಿದು ಬಳಸುವ ಎಚ್ಚರ ಮರೆತರೆ ಮೊದಲ ಪೆಟ್ಟು ಹಿಡಿದವನಿಗೇ ಬಿದ್ದೀತು.